ಅಕ್ಕೋರನ್ನ ಕೇಳ್ರಿ: ಮಸ್ಕಿಗೆ ಬರುವವರಿಗೆ, ಬಂದು ಬೈದವರಿಗೆ

ಹೋದ ಸಂಚಿಕೆಯಲ್ಲಿ, ಹಂಪಿಯ ತನಕ ಬಂದು ಹಾಗೇ ವಾಪಸ್ ಹೋಗುವವರ ಬಗ್ಗೆ ಒಂದು ಮಾತು ಚುಚ್ಚಿದ್ದೆ. ರಾಯಚೂರು ಜಿಲ್ಲೆಯ ನಮ್ಮ ಮಸ್ಕಿ ಅಲ್ಲಿಂದ ಅರ್ಧ ದಿನದ ಹಾದಿ, ಅಶೋಕ ಚಕ್ರವರ್ತಿಯ ಹೆಸರು ಇರುವ ಬಂಡೆ ಅಲ್ಲಿದೆ, ಒಮ್ಮೆಯಾದರೂ ಬರ್ರಿ ಅಂತ. ಅದಕ್ಕೆ ಬಂದ ಕಾಗದಗಳಲ್ಲಿ ಹೊಗಳಿದವರನ್ನು ಪಕ್ಕಕ್ಕಿಟ್ಟು, ಪ್ರಶ್ನೆ ಕೇಳಿದವರಿಗೂ ಬೈದವರಿಗೂ ಇಲ್ಲಿ ಉತ್ತರ ಕೊಟ್ಟಿದ್ದೇನೆ. ಶಾಲೆಯಿಂದ ನಿವೃತ್ತಿಯಾದರೂ ಉತ್ತರಪತ್ರಿಕೆ ತಿದ್ದುವ ಚಾಳಿ ಹೋಗಿಲ್ಲ. ಹಾಗಾಗಿ ಅಲ್ಲಲ್ಲಿ ಕೆಂಪು ಶಾಯಿ ಕಂಡರೆ ಸಿಟ್ಟಾಗಬ್ಯಾಡ್ರಿ.

ಪ್ರಶ್ನೆ: ಅಕ್ಕೋರೆ, ಮಸ್ಕಿಗೆ ಬರೋಣ ಅಂತ ಮನೆಯಲ್ಲಿ ತೀರ್ಮಾನ ಆಗಿದೆ. ಜೊತೆಗೆ ಮಕ್ಕಳೂ ಇದ್ದಾರೆ. ಯಾವಾಗ ಬರಬೇಕು, ಹೇಗೆ ಬರಬೇಕು, ಎಲ್ಲಿ ಉಳಿಯಬೇಕು?
— ದಾವಣಗೆರೆಯ ಒಬ್ಬ ಗೃಹಿಣಿ

ಯಾವಾಗ ಬರಬಾರದು ಅನ್ನೋದನ್ನ ಮೊದಲು ಹೇಳ್ತೀನಿ. ಮಾರ್ಚ್ ಅರ್ಧ ಕಳೆಯಿತು ಅಂದರೆ ಜೂನ್ ಮಳೆ ಬೀಳುವ ತನಕ ಈ ಕಡೆ ತಲೆ ಹಾಕಬ್ಯಾಡ್ರಿ, ಅದರಲ್ಲೂ ಮಕ್ಕಳನ್ನ ಕಟ್ಟಿಕೊಂಡು. ರಾಯಚೂರು ಜಿಲ್ಲೆಯ ಬಿಸಿಲಿಗೆ ಮುಂಜಾನೆ ಹತ್ತಕ್ಕೇ ಬಂಡೆ ಕಾದಿರುತ್ತದೆ. ನಮಗೆ ಇರೋದು ಎರಡೇ ಕಾಲ, ಒಂದು ಬಿಸಿಲುಗಾಲ, ಇನ್ನೊಂದು ಕಡು ಬಿಸಿಲುಗಾಲ ಅಂತ ನಮ್ಮನ್ನು ನಾವೇ ಆಡಿಕೊಂಡು ನಗ್ತೀವಿ.

ನವೆಂಬರ್ ಕೊನೆಯಿಂದ ಫೆಬ್ರವರಿ ಒಳಗೆ ಬರ್ರಿ. ಎರೆಹೊಲದಲ್ಲಿ ಬಿಳಿಜೋಳ, ಕಡಲೆ ನಿಂತಿರುತ್ತವೆ. ಜನವರಿಯಲ್ಲಿ ಬಂದರೆ, ಹೊಲದವರು ಯಾರಾದರೂ ಪರಿಚಯ ಇದ್ದರೆ, ಸೀತನಿ ತಿನ್ನುವ ಯೋಗ ಕೂಡಿ ಬರಬಹುದು. ಹಾಲು ತುಂಬಿದ ಎಳೆ ಜೋಳದ ತೆನೆಯನ್ನು ಕುಳ್ಳಿನ ಬೆಂಕಿಯಲ್ಲಿ ಸುಟ್ಟು, ಬಿಸಿ ಇರುವಾಗಲೇ ಬಡಿದು ಉದುರಿಸಿ, ಊದಿ ಹೊಟ್ಟು ಹಾರಿಸಿ ಬೊಗಸೆಗೆ ಹಾಕ್ತಾರೆ. ಜೊತೆಗೆ ಶೇಂಗಾ ಹಿಂಡಿ, ಬೆಲ್ಲ. ಅದನ್ನು ಹೋಟೆಲಿನಲ್ಲಿ ಕೇಳಬ್ಯಾಡ್ರಿ, ಸಿಗೋದಿಲ್ಲ.

ನಿಮ್ಮ ಕಡೆಯಿಂದ ಬಸ್ಸಿಗೆ ಹೊಸಪೇಟೆ, ಗಂಗಾವತಿ, ಸಿಂಧನೂರು ಹಾದಿ ಸಲೀಸು. ಸಿಂಧನೂರಿನಿಂದ ಲಿಂಗಸುಗೂರು ಕಡೆ ಹೋಗುವ ಬಸ್ ಹತ್ತಿದರೆ ನಡುವೆ ಮಸ್ಕಿ. 2024ರಿಂದ ಹುಬ್ಬಳ್ಳಿ ಕಡೆಯ ರೈಲು ಸಿಂಧನೂರಿನ ತನಕ ಬರುತ್ತಿದೆ, ಅದು ನಮಗೆ ದೊಡ್ಡ ಅನುಕೂಲ. ಮಸ್ಕಿಗೆ ಮಾತ್ರ ಹಳಿ ಇಲ್ಲ. ರಾತ್ರಿ ಉಳಿಯಲು ಸಿಂಧನೂರು ಇಲ್ಲವೇ ಲಿಂಗಸುಗೂರು ನೋಡಿಕೊಳ್ಳಿ. ಮಸ್ಕಿ ತಾಲ್ಲೂಕು ಕೇಂದ್ರ ಆಗಿದೆ ನಿಜ, ಆದರೆ ಮಕ್ಕಳು ಮರಿ ಇರುವ ಮನೆಮಂದಿಗೆ ಆ ಎರಡು ಊರೇ ವಾಸಿ.

ಪ್ರಶ್ನೆ: ನಿಮ್ಮ ಬರಹ ನಂಬಿ ರಾಯಚೂರಿನಿಂದ ಕಾರು ಮಾಡಿಕೊಂಡು ಬಂದೆವು. ಒಂದು ಬಂಡೆ, ಅದಕ್ಕೊಂದು ಕಬ್ಬಿಣದ ಜಾಲರಿ. ಹತ್ತು ನಿಮಿಷದಲ್ಲಿ ಎಲ್ಲ ಮುಗಿಯಿತು. ಇಷ್ಟಕ್ಕೆ ಅಷ್ಟು ಬಡಾಯಿಯೇ?
— ಹೆಸರು ಹಾಕಬೇಡಿ ಎಂದವರು, ರಾಯಚೂರು

ಹತ್ತು ನಿಮಿಷವಾದರೂ ನಿಂತಿರಲ್ಲ, ಅದೇ ದೊಡ್ಡದು. ಬಹಳಷ್ಟು ಮಂದಿ ಜಾಲರಿಗೆ ಬೆನ್ನು ಕೊಟ್ಟು ಒಂದು ಸೆಲ್ಫಿ ತೆಗೆದು ಚಹಾದಂಗಡಿ ಹುಡುಕ್ತಾರೆ. ಬೆನ್ನ ಹಿಂದೆ ಏನಿತ್ತು ಅಂತ ಆಮೇಲೆ ಫೋಟೋದಲ್ಲಿ ನೋಡಿಕೊಳ್ತಾರೆ.

ನೆರಳಿಲ್ಲ, ನೀರಿಲ್ಲ, ಹೆಣ್ಣುಮಕ್ಕಳು ಹೋಗಲು ಜಾಗ ಇಲ್ಲ ಅಂತ ನೀವು ಕಾಗದದ ಕೊನೆಗೆ ಬರೆದ ದೂರಿಗೆ ನನ್ನ ಸಹಿಯೂ ಇರಲಿ. ಆದರೆ ಅಲ್ಲಿ ಏನೂ ಇಲ್ಲ ಅನ್ನುವ ಮಾತಿಗೆ ಸಹಿ ಹಾಕಲಾರೆ.

ನೀವು ಹಂಪಿ ನೋಡಿದ ಕಣ್ಣಿನಲ್ಲೇ ಮಸ್ಕಿ ನೋಡಿದಿರಿ. ಹಂಪಿಯವರು ನೋಡುವವರು ಬೆರಗಾಗಲಿ ಅಂತಲೇ ಕಟ್ಟಿದರು. ಮಸ್ಕಿಯಲ್ಲಿ ಅಶೋಕನ ಕಡೆಯವರು ಒಂದು ಕಲ್ಲನ್ನೂ ಎತ್ತಿ ಇಟ್ಟಿಲ್ಲ. ಇದ್ದ ಬಂಡೆ, ಅದರ ಇದ್ದ ಆಸರೆ, ಅದರ ಮೈಮೇಲೆ ಕೆಲವೇ ಸಾಲು. ಇದೇ ಸಂದೇಶದ ಉತ್ತರ ಭಾರತದ ಪ್ರತಿಗಳಲ್ಲಿ, ರೂಪನಾಥ ಮತ್ತು ಸಹಸ್ರಾಮ್‌ನಲ್ಲಿ, ಅವಕಾಶ ಸಿಕ್ಕಲ್ಲೆಲ್ಲ ಬಂಡೆಯ ಮೇಲೆ ಬರೆಸಿರಿ ಎಂಬ ಅಪ್ಪಣೆಯೇ ಇದೆ. ನಮ್ಮ ಸೀಮೆಯಲ್ಲಿ ಬಂಡೆಗೇನು ಬರ!

ಇನ್ನೊಮ್ಮೆ ಬಂದಾಗ ಹೀಗೆ ಮಾಡಿ. ಶಾಸನ ನೋಡಿದ ಮೇಲೆ ಕಾರಿನ ಕಡೆ ಇಳಿಯದೆ ಗುಡ್ಡದ ಮೇಲೆ ಇನ್ನೂ ಸ್ವಲ್ಪ ಏರಿ, ಒಂದು ಚಪ್ಪಟೆ ಬಂಡೆ ಹುಡುಕಿ ಕೂತುಕೊಳ್ಳಿ. ಗುಡ್ಡದ ಬುಡದಲ್ಲಿ ಕೆಂಪಗೆ ಮಸಾರಿ ಮಣ್ಣು, ದೂರ ಹೋದಂತೆ ಕರಿ ಎರೆ. ಆಚೆ ಮಸ್ಕಿ ಹಳ್ಳ. ಅದು ಹೋಗಿ ತುಂಗಭದ್ರೆಗೆ ಸೇರುತ್ತದೆ. ನೀರು, ಎರಡು ನಮೂನೆಯ ಮಣ್ಣು, ತಲೆ ಮೇಲೆ ಬಂಡೆಯ ಆಸರೆ, ಮೂರೂ ಕೂಗಳತೆಯಲ್ಲಿ. ಅಶೋಕನಿಗಿಂತ ಸಾವಿರಕ್ಕೂ ಹೆಚ್ಚು ವರ್ಷ ಮೊದಲೇ ಜನ ಇಲ್ಲಿ ಮನೆ ಮಾಡಿಕೊಂಡಿದ್ದು ಯಾಕೆ ಅಂತ ಅಲ್ಲಿ ಕೂತರೆ ಯಾರೂ ಹೇಳಿಕೊಡಬೇಕಿಲ್ಲ. ಚಕ್ರವರ್ತಿಯ ಮಂದಿ ಮಸ್ಕಿಗೆ ಬಂದಿದ್ದೂ ಇಲ್ಲಿ ಕೇಳುವ ಜನ ಇದ್ದರು ಅಂತಲೇ. ಖಾಲಿ ಗುಡ್ಡಕ್ಕೆ ಯಾರು ಆಜ್ಞೆ ಓದಿ ಹೇಳ್ತಾರೆ?

ಪ್ರಶ್ನೆ: ಮೇಡಂ, ನಾನು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ಒಂದು ಪುಸ್ತಕದಲ್ಲಿ "ಅಶೋಕನ ಹೆಸರಿರುವ ಏಕೈಕ ಶಾಸನ ಮಸ್ಕಿ" ಎಂದಿದೆ, ಇನ್ನೊಂದರಲ್ಲಿ ಗುಜರ್ರಾ, ನಿಟ್ಟೂರು ಎಂದೂ ಇದೆ. ಯಾವುದು ಸರಿ? ಒಂದು ಹೆಸರು ಸಿಕ್ಕಿದ್ದು ಅಷ್ಟು ದೊಡ್ಡ ಸಂಗತಿ ಏಕೆ?
— ಧಾರವಾಡದಲ್ಲಿ ಓದುತ್ತಿರುವ ವಿದ್ಯಾರ್ಥಿನಿ

ಅಂಕದ ಪ್ರಶ್ನೆಗೆ ಮೊದಲು ಅಂಕದ ಉತ್ತರ. "ಏಕೈಕ" ಅನ್ನೋದು ತಪ್ಪು, "ಮೊದಲು ಸಿಕ್ಕಿದ್ದು" ಅನ್ನೋದು ಸರಿ. ಮಸ್ಕಿ ಶಾಸನ ಬೆಳಕಿಗೆ ಬಂದಿದ್ದು 1915ರಲ್ಲಿ. ಆಮೇಲೆ ಮಧ್ಯಪ್ರದೇಶದ ಗುಜರ್ರಾದಲ್ಲಿ, ಅದಾದ ಮೇಲೆ 1970ರ ದಶಕದ ಕೊನೆಗೆ ನಮ್ಮ ನೆರೆಯ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉದೆಗೊಳಂಗಳಲ್ಲಿ ಹೆಸರಿರುವ ಪ್ರತಿಗಳು ಸಿಕ್ಕವು. ನಾಲ್ಕರಲ್ಲಿ ಮೂರು ರಾಯಚೂರು-ಬಳ್ಳಾರಿ ಸೀಮೆಯವೇ. ಇದನ್ನು ಪರೀಕ್ಷೆಯಲ್ಲಿ ಯಾರೂ ಕೇಳೋದಿಲ್ಲ. ಕೇಳಬೇಕಿತ್ತು ಅಂತ ನನ್ನ ಅಭಿಪ್ರಾಯ.

ಈಗ ಎರಡನೆಯ ಪ್ರಶ್ನೆ. ಬ್ರಾಹ್ಮಿ ಲಿಪಿಯನ್ನು ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಓದಿದಾಗ ಕಂಬಗಳ ಮೇಲೆ, ಬಂಡೆಗಳ ಮೇಲೆ ಮತ್ತೆ ಮತ್ತೆ ಬಂದಿದ್ದು "ದೇವಾನಂಪಿಯ ಪಿಯದಸಿ", ಅಂದರೆ ದೇವತೆಗಳಿಗೆ ಪ್ರಿಯನಾದ ಪ್ರಿಯದರ್ಶಿ. ಇವನು ಯಾರು? ಸಿಂಹಳದಲ್ಲಿ ದೇವಾನಂಪಿಯ ತಿಸ್ಸ ಎಂಬ ಅರಸ ಇದ್ದ, ಅವನೇ ಇರಬೇಕು ಅಂತ ಪ್ರಿನ್ಸೆಪ್ ಮೊದಲು ಅಂದುಕೊಂಡ. ಅದೇ ಹೊತ್ತಿಗೆ ಸಿಂಹಳದಲ್ಲಿ ಅಧಿಕಾರಿಯಾಗಿದ್ದ ಜಾರ್ಜ್ ಟರ್ನರ್ ಅಲ್ಲಿನ ಪಾಳಿ ಗ್ರಂಥ ದೀಪವಂಸವನ್ನು ನೋಡಿ, ಪಿಯದಸಿ ಎಂದರೆ ಮೌರ್ಯ ಚಂದ್ರಗುಪ್ತನ ಮೊಮ್ಮಗ ಅಶೋಕ ಎಂದು ತೋರಿಸಿಕೊಟ್ಟ. ವಿದ್ವಾಂಸರು ಒಪ್ಪಿದರು. ಆದರೂ ಒಂದು ಕೊರತೆ ಉಳಿಯಿತು. ಗ್ರಂಥ ಹೇಳುತ್ತದೆ, ಕಲ್ಲು ಹೇಳುವುದಿಲ್ಲ. ಅದೂ ಅಲ್ಲದೆ ದೇವಾನಂಪಿಯ ಅನ್ನುವ ಬಿರುದು ಒಬ್ಬನ ಸ್ವತ್ತಲ್ಲ, ಅಶೋಕನ ಮೊಮ್ಮಗ ದಶರಥನೂ ನಾಗಾರ್ಜುನಿ ಗುಹೆಗಳಲ್ಲಿ ಅದನ್ನೇ ಹಾಕಿಸಿಕೊಂಡಿದ್ದಾನೆ.

ಹೀಗೆ ಮುಕ್ಕಾಲು ಶತಮಾನಕ್ಕೂ ಹೆಚ್ಚು ಕಾಲ ಕಳೆದ ಮೇಲೆ ಮಸ್ಕಿಯ ಬಂಡೆಯಲ್ಲಿ "ದೇವಾನಂಪಿಯಸ ಅಸೋಕಸ" ಎಂದು ಸಿಕ್ಕಿತು. ಬಿರುದು, ಅದರ ಮಗ್ಗುಲಲ್ಲೇ ಹೆಸರು. ಶಾಸನತಜ್ಞ ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಅದೇ 1915ರಲ್ಲಿ ಪ್ರಕಟಿಸಿದರು. ಆಗ ಮಸ್ಕಿ ಇದ್ದ ಹೈದರಾಬಾದ್ ನಿಜಾಮ್ ಸಂಸ್ಥಾನದ ಪುರಾತತ್ವ ಇಲಾಖೆ ಶುರುವಾಗಿ ಒಂದು ವರ್ಷ ಆಗಿತ್ತಷ್ಟೆ. ಅವರ ಹೈದರಾಬಾದ್ ಪುರಾತತ್ವ ಮಾಲೆಯ ಮೊದಲ ಸಂಖ್ಯೆಯೇ ನಮ್ಮ ಮಸ್ಕಿ.

ಒಂದು ಬಿಗಿ ಗಂಟು ಹೇಳಿಕೊಡ್ತೀನಿ, ಸಂದರ್ಶನದಲ್ಲಿ ಕೇಳಿದರೆ ಬಿಚ್ಚಿ ತೋರಿಸು. ಕಲ್ಲಿನ ಮೇಲೆ ಅಶೋಕ ಅನ್ನುವ ಹೆಸರೇ ಮಸ್ಕಿಗಿಂತ ಮೊದಲು ಯಾರಿಗೂ ಸಿಕ್ಕಿರಲಿಲ್ಲ ಅನ್ನಬಾರದು. ಗುಜರಾತಿನ ಗಿರ್ನಾರಿನಲ್ಲಿ ಕ್ರಿ.ಶ. 150ರ ಹೊತ್ತಿನ ರುದ್ರದಾಮನ ಶಾಸನದಲ್ಲಿ ಅಶೋಕ ಮೌರ್ಯನ ಹೆಸರಿದೆ. ಆದರೆ ಅದು ನಾಲ್ಕು ಶತಮಾನ ಕಳೆದ ಮೇಲೆ ಬೇರೆ ಅರಸ ಬರೆಸಿದ್ದು. ಅಶೋಕನದೇ ಆಜ್ಞೆಯಲ್ಲಿ ಅವನ ಹೆಸರು ಮೊದಲು ಸಿಕ್ಕಿದ್ದು ಮಸ್ಕಿಯಲ್ಲಿ. ಕಲಬುರಗಿ ಜಿಲ್ಲೆಯ ಸನ್ನತಿ ಬಳಿ ಕನಗನಹಳ್ಳಿಯಲ್ಲಿ "ರಾಯೋ ಅಸೋಕೋ" ಎಂದು ಬರೆದ ಉಬ್ಬುಶಿಲ್ಪ ಸಿಕ್ಕಿದ್ದು ತೀರ ಈಚೆಗೆ, ಅದು ಶಾತವಾಹನರ ಕಾಲದ್ದು. ಹೆಸರು, ಬಿರುದು, ಮುಖ ಮೂರೂ ಕಲ್ಯಾಣ ಕರ್ನಾಟಕದಲ್ಲೇ ಇವೆ. ಪಾಟಲಿಪುತ್ರದವರು ಹೊಟ್ಟೆಕಿಚ್ಚು ಪಡಲಿ.

ಪ್ರಶ್ನೆ: ನಾನು ಪ್ರಾಥಮಿಕ ಶಾಲೆಯ ಶಿಕ್ಷಕ. ಪ್ರವಾಸಕ್ಕೆ ಮಕ್ಕಳನ್ನು ಮಸ್ಕಿಗೆ ಕರೆತರುವ ಆಸೆ. ಆದರೆ ಮಕ್ಕಳಿಗೆ ಓದಲು ಬಾರದ ಲಿಪಿ, ತಿಳಿಯದ ಭಾಷೆ. ಏನು ತೋರಿಸಲಿ, ಏನು ಹೇಳಲಿ?
— ಕುಷ್ಟಗಿ ತಾಲ್ಲೂಕಿನ ಶಿಕ್ಷಕರು

ಗುರುಗಳೇ, ಈ ಪ್ರಶ್ನೆಗಾಗಿ ಕಾಯ್ತಾ ಇದ್ದೆ.

ಹೊರಡುವ ಹಿಂದಿನ ದಿನ ಕಪ್ಪುಹಲಗೆಯ ಮೇಲೆ ಗಣಿತದ ಕೂಡಿಸುವ ಚಿಹ್ನೆ ಬರೆಯಿರಿ. ಇದೇನು ಅಂತ ಕೇಳಿದರೆ ಎಲ್ಲರೂ "ಕೂಡು" ಅಂತಾರೆ. ಇಲ್ಲ, ಇದು "ಕ" ಅನ್ನಿ. ಬ್ರಾಹ್ಮಿಯ "ಕ" ಅಂದರೆ ಒಂದು ನೆಟ್ಟಗಿನ ಗೆರೆ, ಅದನ್ನು ಅಡ್ಡ ಹಾಯುವ ಇನ್ನೊಂದು ಗೆರೆ, ಅಷ್ಟೇ. ಶತಮಾನಗಳು ಕಳೆದಂತೆ ಬರೆಯುವವರ ಕೈಯಲ್ಲಿ ಅದು ಬಾಗಿ, ದುಂಡಗಾಗಿ, ಕದಂಬರ ಕಾಲ ದಾಟಿ, ತಲೆಕಟ್ಟು ಹೊತ್ತು ನಮ್ಮ "ಕ" ಆಗಿದೆ. ಈಗಲೂ ಕನ್ನಡದ "ಕ" ನಡುವೆ ಆ ಅಡ್ಡಗೆರೆ ಇದೆ, ಮಕ್ಕಳಿಗೆ ಬೆರಳಿಟ್ಟು ತೋರಿಸಿ. ಹಾಗೇ "ಗ" ಅಂದರೆ ಗುಡಿಸಲಿನ ಮಾಡು, "ಠ" ಅಂದರೆ ಬರೀ ಸೊನ್ನೆ, "ಥ" ಅಂದರೆ ನಡುವೆ ಚುಕ್ಕಿ ಇಟ್ಟ ಸೊನ್ನೆ. ನಾಲ್ಕು ಅಕ್ಷರ ಸಾಕು. ಶಾಸನದ ಪಡಿಯಚ್ಚಿನ ಚಿತ್ರ ಪುಸ್ತಕಗಳಲ್ಲಿ ಸಿಗುತ್ತದೆ, ಜೆರಾಕ್ಸ್ ಮಾಡಿಸಿ ಮಕ್ಕಳ ಕೈಗೆ ಕೊಡಿ. ಜಾಲರಿ ಆಚೆಯ ಬಂಡೆಗೆ ಕಣ್ಣು ಹೊಂದಲು ಹೊತ್ತು ಹಿಡಿಯುತ್ತದೆ, ಕಲ್ಲು ಅಲ್ಲಲ್ಲಿ ಚಕ್ಕೆ ಎದ್ದು ಅಕ್ಷರ ಹೋಗಿವೆ. "ಕೂಡಿಸುವ ಚಿಹ್ನೆ ಹುಡುಕಿದವರು ಕೈ ಎತ್ತಿ" ಅಂದುಬಿಡಿ, ಆಮೇಲೆ ನಿಮ್ಮ ಕೆಲಸ ಮುಗಿಯಿತು. ಅಸೋಕಸ ಅನ್ನುವ ನಾಲ್ಕಕ್ಷರದಲ್ಲೇ ಒಂದು "ಕ" ಇದೆ.

ಇನ್ನು ಏನು ಹೇಳುತ್ತದೆ ಆ ಕಲ್ಲು? ಪ್ರಾಕೃತದ ಮಾತನ್ನು ಮಕ್ಕಳಿಗೆ ತಿಳಿಯುವ ಹಾಗೆ ನಾನು ಹೀಗೆ ಹೇಳ್ತಿದ್ದೆ: "ನಾನು ಬುದ್ಧನ ಹಾದಿಗೆ ಬಂದು ಎರಡೂವರೆ ವರ್ಷ ದಾಟಿತು. ಸಂಘದ ಹತ್ತಿರ ಹೋದ ಮೇಲೆ ಹುರುಪಿನಿಂದ ನಡೆದುಕೊಂಡೆ. ಮೊದಲು ಜಂಬೂದ್ವೀಪದಲ್ಲಿ ಜನರೊಂದಿಗೆ ಬೆರೆಯದಿದ್ದ ದೇವತೆಗಳು ಈಗ ಬೆರೆತಿದ್ದಾರೆ. ಧರ್ಮದಲ್ಲಿ ನಡೆದರೆ ಸಣ್ಣವನಿಗೂ ಇದು ದಕ್ಕುತ್ತದೆ. ದೊಡ್ಡವರಿಗೆ ಮಾತ್ರ ಅಂತ ತಿಳಿಯಬೇಡಿ. ಸಣ್ಣವರಿಗೂ ದೊಡ್ಡವರಿಗೂ ಇದನ್ನು ಹೇಳಿರಿ. ಹೀಗೆ ನಡೆದರೆ ಇದು ಬಹುಕಾಲ ಉಳಿದು ಒಂದೂವರೆ ಪಟ್ಟು ಬೆಳೆಯುತ್ತದೆ."

ನೋಡಿ, ಇದು ಕ್ರಿ.ಪೂ. 3ನೇ ಶತಮಾನದ ಮಾತು. ಇಡೀ ಜಂಬೂದ್ವೀಪದ ಒಡೆಯ ಊರ ಹೊರಗಿನ ಗುಡ್ಡದ ಮೇಲೆ ತನ್ನ ದಂಡಿನ ಲೆಕ್ಕ ಬರೆಸಲಿಲ್ಲ, ಗೆದ್ದ ದೇಶಗಳ ಪಟ್ಟಿ ಬರೆಸಲಿಲ್ಲ. ನನ್ನ ತಕರಾರು ಏನೆಂದರೆ, ಶಾಸನದ ಮೊದಲ ಎರಡು ಪದ ಎಲ್ಲರಿಗೂ ಬಾಯಿಪಾಠ, ಆಮೇಲಿನ ಸಾಲುಗಳನ್ನು ಕೇಳುವವರೇ ಇಲ್ಲ. ಹೆಸರು ಸಿಕ್ಕಿದ ಸಂಭ್ರಮದಲ್ಲಿ ಹೆಸರಿನವನು ಹೇಳಿದ ಮಾತು ಮರೆತೇ ಹೋಯಿತು. ಹಿಂದಿನ ಬೆಂಚಿನಲ್ಲಿ ಕೂರುವ ಹುಡುಗರಿಗೆ "ಸಣ್ಣವನಿಗೂ ದಕ್ಕುತ್ತದೆ" ಅನ್ನುವ ಸಾಲನ್ನು ಎರಡು ಸಲ ಓದಿ ಹೇಳಿ, ಗುರುಗಳೇ. ಅವರಿಗೆ ಅದು ಬೇರೆ ಯಾರಿಂದಲೂ ಸಿಕ್ಕಿರುವುದಿಲ್ಲ.

ಸೀಮೆಸುಣ್ಣ ಮಾತ್ರ ಶಾಲೆಯಲ್ಲೇ ಬಿಟ್ಟು ಬರ್ರಿ. ಗುಡ್ಡದ ಮೇಲೆ ಪ್ರೇಮಿಗಳ ಹೆಸರು ಈಗಾಗಲೇ ಸಾಕಷ್ಟಿವೆ.

ಪ್ರಶ್ನೆ: ಮಸ್ಕಿ ಗುಡ್ಡದಲ್ಲಿ ಬಂಗಾರದ ನಿಧಿ ಇದೆ ಅಂತ ನಮ್ಮ ಅಜ್ಜ ಹೇಳುತ್ತಿದ್ದರು. ಖರೇ ಏನ್ರಿ?
— ತಾವರಗೇರಾದ ಓದುಗರು

ಅಜ್ಜನ ಮಾತಿನಲ್ಲಿ ಅರ್ಧ ಖರೆ. ಬಂಗಾರ ಇದೆ, ಆದರೆ ಕೊಡದಲ್ಲಿ ತುಂಬಿ ಹುಗಿದಿಟ್ಟಿದ್ದು ಅಲ್ಲ. ಈ ಸೀಮೆಯ ನೆಲದೊಳಗೇ ಬಂಗಾರದ ಅದಿರಿನ ಎಳೆ ಹಾದು ಹೋಗಿದೆ. ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿ ಗೊತ್ತಲ್ಲ, 2001ರಲ್ಲಿ ಕೋಲಾರದ ಗಣಿ ಮುಚ್ಚಿದ ಮೇಲೆ ದೇಶದಲ್ಲಿ ಬಂಗಾರ ಅಂದರೆ ಹಟ್ಟಿ. ಸ್ವಾತಂತ್ರ್ಯ ಬಂದ 1947ರಲ್ಲೇ ಈಗಿನ ಕಂಪನಿ ಶುರುವಾಗಿದ್ದು. ಆದರೆ ಅದಕ್ಕಿಂತ ಸುಮಾರು 2000 ವರ್ಷ ಮೊದಲೇ ಅಲ್ಲಿ ಅಗೆದವರಿದ್ದಾರೆ. ಸಿಡಿಮದ್ದಿಲ್ಲ, ಯಂತ್ರ ಇಲ್ಲ. ಬಂಡೆಗೆ ಬೆಂಕಿ ಇಟ್ಟು ಕಾಯಿಸೋದು, ಮೇಲೆ ನೀರು ಸುರಿಯೋದು, ಬಿರುಕು ಬಿಟ್ಟ ಕಲ್ಲನ್ನು ಕಿತ್ತು ಹೊರಗೆ ಹೊರೋದು. ಹಾಗೆ 600 ಅಡಿಯ ಆಳಕ್ಕೆ ಇಳಿದಿದ್ದರು.

ಅಶೋಕನ ಶಾಸನವನ್ನು 1915ರಲ್ಲಿ ಕಂಡ ಸಿ. ಬೀಡನ್ ಕೂಡ ಚಿನ್ನದ ಜಾಡು ಹಿಡಿದು ಬಂದ ಗಣಿ ಎಂಜಿನಿಯರು. ಬಂಗಾರ ಹುಡುಕುವಾಗ ಕಣ್ಣಿಗೆ ಬಿದ್ದಿದ್ದು ಅಕ್ಷರ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ ಶಾಸನದಲ್ಲಿ ಮೌರ್ಯರ ದಕ್ಷಿಣದ ಆಡಳಿತ ಸುವರ್ಣಗಿರಿಯಿಂದ ನಡೆಯುತ್ತಿತ್ತು ಅಂತ ಇದೆ. ಆ ಸುವರ್ಣಗಿರಿ ಕೊಪ್ಪಳ ಜಿಲ್ಲೆಯ ಕನಕಗಿರಿ ಎನ್ನುವವರು ಹೆಚ್ಚು, ಮಸ್ಕಿ ಎನ್ನುವವರೂ ಇದ್ದಾರೆ. ನೀವು ಕನಕಗಿರಿ ಸೀಮೆಯವರು, ನಿಮ್ಮ ಹತ್ತಿರ ವಾದಕ್ಕೆ ನಿಲ್ಲೋದಿಲ್ಲ. ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು ಅನ್ನುವ ಗಾದೆಯಲ್ಲಿ ನಮಗೆ ಜಾಗವನ್ನೇ ಇಟ್ಟಿಲ್ಲ ನೀವು.

ಒಂದು ಮಾತು ಸಿಟ್ಟಿನಿಂದ ಹೇಳಬೇಕು. ನಿಧಿ ಅಂತ ಅಮಾವಾಸ್ಯೆ ರಾತ್ರಿ ನಿಂಬೆಹಣ್ಣು, ಹಾರೆ ಹಿಡಿದು ಹಳೇ ಗುಡಿ, ವೀರಗಲ್ಲುಗಳ ಬುಡ ಅಗೆಯುವವರು ನಮ್ಮ ಸುತ್ತಲ ಜಿಲ್ಲೆಗಳಲ್ಲಿದ್ದಾರೆ. ಅವರಿಗೆ ಸಿಗೋದು ಮಣ್ಣು, ನಮಗೆ ಉಳಿಯೋದು ಮುರಿದ ಕಲ್ಲು. ಅದು ಅಪರಾಧವೂ ಹೌದು. ನಿಮ್ಮ ಊರಿನಲ್ಲಿ ಅಂಥವರು ಕಂಡರೆ ಪೊಲೀಸರಿಗೆ ಹೇಳಿ.

ಪ್ರಶ್ನೆ: ಚೋಳರ ಇತಿಹಾಸದಲ್ಲಿ ಬರುವ "ಮುಯಂಗಿ ಕದನ" ಮಸ್ಕಿಯಲ್ಲೇ ನಡೆದದ್ದೇ?
— ಬಳ್ಳಾರಿಯ ಓದುಗರು

ಹೌದು, ಹಾಗೆಂದೇ ಬಹುತೇಕ ಇತಿಹಾಸಕಾರರು ಗುರುತಿಸಿದ್ದಾರೆ. ರಾಜೇಂದ್ರ ಚೋಳನಿಗೂ ಕಲ್ಯಾಣ ಚಾಲುಕ್ಯರ ಎರಡನೇ ಜಯಸಿಂಹನಿಗೂ ಸುಮಾರು 1021ರಲ್ಲಿ ನಡೆದ ಯುದ್ಧ. ಜಯಸಿಂಹ ಬೆನ್ನು ತೋರಿಸಿದ ಅಂತ ಚೋಳರು ಬರೆಸಿಕೊಂಡಿದ್ದಾರೆ. ಗೆದ್ದವರು ಹಾಗೇ ಬರೆಸಿಕೊಳ್ಳೋದು. ಜಯಸಿಂಹ ಆಮೇಲೂ ಎರಡು ದಶಕ ಆಳಿದ. ಕೃಷ್ಣೆ-ತುಂಗಭದ್ರೆ ನಡುವಿನ ನಮ್ಮ ನೆಲಕ್ಕಾಗಿ ಆಮೇಲೆ ಬಹಮನಿಗಳು, ವಿಜಯನಗರದವರು, ಆದಿಲ್‌ಶಾಹಿಗಳು ಹೊಡೆದಾಡಿದರು. ಹೊಲ ಉತ್ತವರಿಗೆ ಮಾತ್ರ ಯಾರು ಗೆದ್ದರೂ ಕಂದಾಯ ತಪ್ಪಲಿಲ್ಲ.

ಪ್ರಶ್ನೆ: ಮಸ್ಕಿಯಲ್ಲಿ ವಿದೇಶಿಯರು ಅಗೆಯುತ್ತಿದ್ದಾರೆ ಎಂದು ಪತ್ರಿಕೆಯಲ್ಲಿ ಓದಿದೆ. ನಮ್ಮ ನೆಲದ ವಸ್ತು ಅವರು ಹೊತ್ತೊಯ್ಯುವುದಿಲ್ಲವೇ?
— ಕೊಪ್ಪಳದ ನಿವೃತ್ತ ನೌಕರರು

ಒಪ್ಪಿಗೆ ಇಲ್ಲದೆ ಈ ದೇಶದಲ್ಲಿ ಉತ್ಖನನದ ಒಂದು ಬುಟ್ಟಿ ಮಣ್ಣು ಎತ್ತಲೂ ಬರೋದಿಲ್ಲ, ಗಾಬರಿ ಬೇಡ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಆಂಡ್ರ್ಯೂ ಬಾವರ್, ಕೆನಡಾದ ಮೆಕ್‌ಗಿಲ್‌ನ ಪೀಟರ್ ಜೋಹಾನ್ಸನ್, ನಮ್ಮವರೇ ಆದ ಹೇಮಂತ್ ಕಡಾಂಬಿ, ಇವರ ತಂಡ ಬಹಳ ವರ್ಷದಿಂದ ಮಸ್ಕಿ ಸುತ್ತಲ ನೆಲವನ್ನು ನಡೆದು ನಡೆದು ಗುರುತು ಮಾಡಿದೆ. 2025ರಲ್ಲಿ ಮಲ್ಲಿಕಾರ್ಜುನ ಬೆಟ್ಟದ ಆಸುಪಾಸು ಅಗೆದಾಗ ಸುಮಾರು 4000 ವರ್ಷ ಹಿಂದಿನ ವಸತಿಯ ಕುರುಹು ಸಿಕ್ಕವು ಅಂತ ಸುದ್ದಿಯಾಯಿತು.

ಅದಕ್ಕೂ ಮೊದಲು, 1954ರಲ್ಲಿ, ಭಾರತೀಯ ಪುರಾತತ್ವ ಇಲಾಖೆಯ ಬಿ.ಕೆ. ಥಾಪರ್ ಇಲ್ಲಿ ಅಗೆಸಿದ್ದರು. ಅವರಿಗೆ ಸಿಕ್ಕಿದ್ದು ಒಂದರ ಮೇಲೊಂದು ನಾಲ್ಕು ಪದರ. ಕೆಳಗೆ ಕಲ್ಲಿನ ಅಲಗು ಮತ್ತು ತಾಮ್ರ ಬಳಸುತ್ತಿದ್ದವರು, ಅದರ ಮೇಲೆ ಕಬ್ಬಿಣ ಬಲ್ಲ ಬೃಹತ್ ಶಿಲಾಗೋರಿಗಳ ಜನ, ಅದರ ಮೇಲೆ ಶಾತವಾಹನರ ಕಾಲ, ಮೇಲ್ಗಡೆ ಮಧ್ಯಯುಗ. ಅಡುಗೆಮನೆಯಲ್ಲಿ ಜೋಡಿಸಿದ ಡಬ್ಬಿ ಹಾಗೆ ಒಂದರ ಮೇಲೊಂದು. ಈಗ ನಾವು ಐದನೇ ಪದರ ಹಾಕ್ತಾ ಇದ್ದೀವಿ, ಪ್ಲಾಸ್ಟಿಕ್ ಚೀಲ ಮತ್ತು ಗುಟ್ಕಾ ಚೀಟಿಯದ್ದು. ಮುಂದೆ ಅಗೆಯುವವರು ನಮ್ಮನ್ನು ಏನಂತ ಕರೀತಾರೋ.

ನಿಮ್ಮ ಕಳಕಳಿಗೆ ಗೌರವ ಇಟ್ಟೇ ಒಂದು ಮಾತು ಕೇಳ್ತೀನಿ. ನಿಮ್ಮ ಕೊಪ್ಪಳದಲ್ಲೇ ಗವಿಮಠ, ಪಾಲ್ಕಿಗುಂಡು ಎರಡು ಕಡೆ ಅಶೋಕನ ಶಾಸನ ಇವೆ, 1931ರಲ್ಲಿ ಗೊತ್ತಾದವು. ಗವಿಮಠದ ಜಾತ್ರೆಗೆ ಲಕ್ಷಗಟ್ಟಲೆ ಜನ ಬರ್ತಾರೆ. ನೀವು ಆ ಬಂಡೆ ಹತ್ತಿ ನೋಡಿದ್ದೀರಾ?

ಪ್ರಶ್ನೆ: ಮಸ್ಕಿಯಲ್ಲಿ ತಿನ್ನಲು ಏನು ಚೆನ್ನ?
— ತುಮಕೂರಿನ ಓದುಗರು

ಒಗ್ಗರಣಿ-ಮಿರ್ಚಿ. ಮುಂಜಾನೆ ಬಸ್‌ಸ್ಟ್ಯಾಂಡ್ ಸುತ್ತ ಯಾವ ಅಂಗಡಿಗಾದರೂ ಹೋಗಿ. ಮಂಡಾಳನ್ನು, ಅಂದರೆ ನಿಮ್ಮ ಕಡೆಯ ಮಂಡಕ್ಕಿಯನ್ನು, ನೀರಿನಲ್ಲಿ ಅದ್ದಿ ಹಿಂಡಿ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಅರಿಶಿನದ ಒಗ್ಗರಣೆಗೆ ಹಾಕಿ ಕಲಸಿ, ಮೇಲೆ ಪುಟಾಣಿ ಹಿಟ್ಟು ಉದುರಿಸ್ತಾರೆ. ಹಿಟ್ಟು ಕೊನೆಗೆ ಬೀಳಬೇಕು, ಮೊದಲೇ ಹಾಕಿದರೆ ಅಂಟಂಟು ಆಗುತ್ತದೆ. ಪಕ್ಕದಲ್ಲಿ ಆಗಷ್ಟೇ ಎಣ್ಣೆಯಿಂದ ಎದ್ದ ಮಿರ್ಚಿ ಭಜಿ. ನಿಮ್ಮ ತುಮಕೂರಿನ ತಟ್ಟೆ ಇಡ್ಲಿ ಜೊತೆ ಹೋಲಿಸಬ್ಯಾಡ್ರಿ, ಎರಡಕ್ಕೂ ಅವಮಾನ. ಮಧ್ಯಾಹ್ನ ಖಾನಾವಳಿಯಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ, ಗುರೆಳ್ಳು ಚಟ್ನಿ. ಖಾರ ಕಮ್ಮಿ ಹಾಕ್ರಿ ಅಂತ ಮೊದಲೇ ಹೇಳಿ. ಕಮ್ಮಿ ಹಾಕ್ತಾರೆ ಅಂತ ನಾನು ಭರವಸೆ ಕೊಡಲಾರೆ.

ಪ್ರಶ್ನೆ: ಎರಡನೇ ದಿನಕ್ಕೆ ಸುತ್ತಮುತ್ತ ಏನಿದೆ?
— ಹಾವೇರಿಯ ಓದುಗರು

ಮುದಗಲ್. ಲಿಂಗಸುಗೂರು ದಾಟಿ ಮುಂದೆ. ಕೋಟೆ, ಕಂದಕ, ಊರ ನಡುವೆ ಮನೆಗಳೊಂದಿಗೆ ಬೆರೆತುಹೋದ ಗೋಡೆಗಳು. ಮೊಹರಂ ಹೊತ್ತಿಗೆ ಬಂದರೆ ಹಿಂದೂ-ಮುಸ್ಲಿಂ ಅನ್ನದೆ ಊರಿಗೆ ಊರೇ ಬೆಂಕಿ ಹಾಕುವ ಆಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುತ್ತದೆ, ಸುತ್ತಲ ಜಿಲ್ಲೆಗಳಿಂದ ಜನ ಬರುತ್ತಾರೆ. ಮುದಗಲ್ಲಿನ ಅಕ್ಕಸಾಲಿಗರ ಹುಡುಗಿಗಾಗಿ 1406ರಲ್ಲಿ ವಿಜಯನಗರದ ಒಂದನೇ ದೇವರಾಯನಿಗೂ ಬಹಮನಿ ಸುಲ್ತಾನ ಫಿರೋಜ್ ಶಾಹನಿಗೂ ಯುದ್ಧವೇ ಆಯಿತು ಅಂತ ಇತಿಹಾಸಕಾರ ಫಿರಿಸ್ತಾ ಬರೆದಿದ್ದಾನೆ. ಅವನು ಬರೆದಿದ್ದು 200 ವರ್ಷ ಕಳೆದ ಮೇಲೆ, ಕತೆ ಅಂತಲೇ ಕೇಳಿಸಿಕೊಳ್ಳಿ. ಹತ್ತಿರದ ಪಿಕ್ಲಿಹಾಳದ ಗುಡ್ಡಗಳಲ್ಲಿ ಬಂಡೆಚಿತ್ರಗಳಿವೆ, ನವಶಿಲಾಯುಗದ ನೆಲೆ. ಬ್ರಿಟಿಷ್ ಪುರಾತತ್ವಜ್ಞ ಆಲ್ಚಿನ್ 1950ರ ದಶಕದ ಆರಂಭದಲ್ಲಿ ಅಲ್ಲಿ ಅಗೆಸಿದರು. ಊರವರ ಸಹಾಯ ಇಲ್ಲದೆ ಚಿತ್ರ ಹುಡುಕೋದು ಕಷ್ಟ. ಕೃಷ್ಣೆಯ ನಡುಗಡ್ಡೆಯ ಜಲದುರ್ಗವನ್ನೂ ಅದೇ ದಿನಕ್ಕೆ ತುರುಕಬ್ಯಾಡ್ರಿ, ಅದಕ್ಕೆ ಬೇರೆ ದಿನ ಇಡಿ.

ಪ್ರಶ್ನೆ: ಅಕ್ಕೋರೆ, ನಾನು ಮಸ್ಕಿಯವನೇ, ನಿಮ್ಮ ಶಾಲೆಯಲ್ಲೇ ಕಲಿತವನು. ಬೆಂಗಳೂರಿನಲ್ಲಿ ಯಾವೂರು ಅಂತ ಕೇಳಿದರೆ "ರಾಯಚೂರು ಹತ್ತಿರ" ಅಂತ ಹೇಳಿ ಮುಗಿಸ್ತೀನಿ. ಮಸ್ಕಿ ಅಂದರೆ ಯಾರಿಗೂ ಗೊತ್ತಾಗಲ್ಲ.
— ಬೆಂಗಳೂರಿನಿಂದ

ನಿನ್ನ ಅಕ್ಷರದ ಮೇಲೇ ನೀನು ಯಾರು ಅಂತ ಗೊತ್ತಾಯಿತು, ಮಗಾ. "ಮ" ಮತ್ತು "ವ" ಇನ್ನೂ ಒಂದೇ ಥರ ಬರೀತಿ.

ಮಸ್ಕಿ ಅಂತಲೇ ಹೇಳು. ಎದುರಿನವರು ಹೈಸ್ಕೂಲು ದಾಟಿದ್ದರೆ ಸಮಾಜ ವಿಜ್ಞಾನದ ಪುಸ್ತಕದಲ್ಲಿ ಆ ಹೆಸರು ಓದಿಯೇ ಇರ್ತಾರೆ. ಒಂದು ಕ್ಷಣ ಹುಬ್ಬು ಗಂಟಿಕ್ಕಿ "ಅಶೋಕನ ಶಾಸನ ಇರೋದು ಅಲ್ಲೇನಾ?" ಅಂತಾರೆ. ಅನ್ನದಿದ್ದರೆ ನೀನೇ ಅನ್ನು. ಆದರೆ ನಿನ್ನನ್ನೇ ಒಂದು ಮಾತು ಕೇಳ್ತೀನಿ. ಏಳನೇ ತರಗತಿಯಲ್ಲಿ ನಿಮ್ಮನ್ನೆಲ್ಲ ಗುಡ್ಡಕ್ಕೆ ಕರಕೊಂಡು ಹೋದಾಗ ನೀನು ಬಂಡೆ ಮರೆಗೆ ಹೋಗಿ ಬಾರೆಹಣ್ಣು ಕೀಳ್ತಿದ್ದಿ. ಊರಿಗೆ ಬಂದಾಗ ಹೋಗಿ ಓದು. ನಿನ್ನ ಮಕ್ಕಳನ್ನೂ ಕರಕೊಂಡು ಬಾ, ಅವರಿಗೆ "ಕ" ತೋರಿಸುವ ಕೆಲಸ ನನಗಿರಲಿ.

ಪ್ರಶ್ನೆ: ನಮ್ಮ ತಾಯಿಗೆ ಮಸ್ಕಿ ಮಲ್ಲಯ್ಯನ ದರ್ಶನ ಮಾಡಬೇಕೆಂಬ ಹಂಬಲ. ಎಪ್ಪತ್ತು ದಾಟಿದೆ, ಮೊಣಕಾಲು ನೋವು. ಬೆಟ್ಟ ಹತ್ತಬಹುದೇ?
— ಸಿರುಗುಪ್ಪದ ಓದುಗರು

ಮಲ್ಲಿಕಾರ್ಜುನ ಇರೋದು ಬೆಟ್ಟದ ಮೇಲೆ, ಮೆಟ್ಟಿಲು ಏರಲೇಬೇಕು. ಶ್ರಾವಣ ಸೋಮವಾರ ಬ್ಯಾಡ್ರಿ, ಗದ್ದಲದಲ್ಲಿ ಅಮ್ಮನಿಗೆ ನಿಂತು ಉಸಿರು ತೆಗೆಯಲೂ ಜಾಗ ಸಿಗೋದಿಲ್ಲ. ಚಳಿಗಾಲದ ಯಾವುದಾದರೂ ಸಾದಾ ದಿನ, ಬೆಳಗಿನ ಆರೂವರೆಗೆ ಶುರು ಮಾಡಿ. ಅಲ್ಲಲ್ಲಿ ಕೂರಿಸಿ, ಮಾತಾಡಿಸ್ತಾ, ಅವಸರ ಮಾಡದೆ ಹತ್ತಿಸಿ. ನಡುವೆ ಸಾಕು ಅಂದರೆ ಅಲ್ಲೇ ಕೈ ಮುಗಿಸಿ ಇಳಿಸಿಬಿಡಿ, ಮಲ್ಲಯ್ಯ ಹಾಜರಿ ಹಾಕಿಕೊಳ್ತಾನೆ. ಅಶೋಕನ ಕಲ್ಲು ನೋಡಲು ಅಷ್ಟು ಏರಬೇಕಿಲ್ಲ, ಒಬ್ಬರ ಕೈ ಹಿಡಿದರೆ ಹೋಗಬಹುದು. ಮತ್ತೆ ನೆನಪಿಡಿ, ಹತ್ತುವಾಗಿನ ನೋವು ಉಸಿರಿಗೆ, ಇಳಿಯುವಾಗಿನದು ಮೊಣಕಾಲಿಗೆ. ಒಂದು ಗಟ್ಟಿ ಬಡಿಗೆ ಮನೆಯಿಂದಲೇ ತಂದುಕೊಳ್ಳಿ.